ಪದ ಬೇಕು, ತುರ್ತು: ಟರ್ಬೊ ಬ್ಲಾಂಕೆಟ್, ಎಕ್ಸಾಸ್ಟ್ ವ್ರ್ಯಾಪ್

ಹಾಸನದಿಂದ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಿ.ಎಂ. ರಸ್ತೆಯ ಒಂದು ಲಾರಿ ಗ್ಯಾರೇಜಿಗೆ ಬೋರ್ಡ್ ಬರೆದುಕೊಡಬೇಕಿದೆ. ಜೊತೆಗೆ ಡ್ರೈವರ್‌ಗಳ ಕೈಗೆ ಕೊಡಲು ಒಂದು ಪುಟದ ಚೀಟಿ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ. ಪದ ಇವತ್ತೇ ಬೇಕು.

ವಿಷಯ ಇಷ್ಟು. ಮಂಗಳೂರು ಕಡೆಯಿಂದ ಲೋಡ್ ಹೊತ್ತ ಲಾರಿ ಗುಂಡ್ಯ ಬಿಟ್ಟು ಶಿರಾಡಿ ಘಾಟಿ ಹತ್ತುವಾಗ ಟರ್ಬೊಗೆ (ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಭಾಗ) ನುಗ್ಗುವ ಹೊಗೆಯೇ 600 ಡಿಗ್ರಿ ದಾಟಬಹುದು. ಇಂಜಿನ್ ಇರುವುದು ಕ್ಯಾಬಿನ್ ಕೆಳಗೆ. ಆ ಬಿಸಿ ವೈರು, ರಬ್ಬರ್ ಹೋಸು, ಡ್ರೈವರ್ ಕಾಲು, ಎಲ್ಲದಕ್ಕೂ ತಾಗುತ್ತದೆ. ಅದಕ್ಕೆ ಟರ್ಬೊ ಮೇಲೆ ದಪ್ಪನೆಯ ಬ್ಲಾಂಕೆಟ್ ಕಟ್ಟುತ್ತಾರೆ. ಒಳಗೆ ಸಿಲಿಕಾ ನಾರು, ಮೇಲೆ ಸ್ಟೀಲ್ ಜಾಲರಿ. ಅಲ್ಲಿಂದ ಮುಂದೆ ಹೊಗೆ ಹೋಗುವ ಪೈಪಿಗೆ ಗಾಜಿನ ನಾರಿನ ಅಥವಾ ಬಸಾಲ್ಟ್ ನಾರಿನ ಪಟ್ಟಿ ಸುತ್ತುತ್ತಾರೆ. ಈ ಎರಡಕ್ಕೂ ಹೆಸರು ಬೇಕು. ಒಟ್ಟು ಕೆಲಸಕ್ಕೂ, ಅಂದರೆ ಇನ್ಸುಲೇಶನ್‌ಗೂ ಒಂದು ಬೇಕು. 'ಉಷ್ಣ ನಿರೋಧಕ' ಬರೆಯೋಣ ಅಂತಿದ್ದೆ. ಗ್ಯಾರೇಜಿನವರು ಮುಖ ನೋಡಿ ಸುಮ್ಮನಾದರು.

ಮೈಸೂರಿನಿಂದ:

ಉಷ್ಣ ನಿರೋಧಕ ಸರಿಯಾಗಿದೆ. ಪಠ್ಯಪುಸ್ತಕದಲ್ಲಿದೆ. ಚರ್ಚೆ ಯಾಕೆ ಎಂದೇ ತಿಳಿಯಲಿಲ್ಲ.

ಸಕಲೇಶಪುರದಿಂದ:

ಪಠ್ಯಪುಸ್ತಕದಲ್ಲಿರಲಿ, ಹೆದ್ದಾರಿ ಪಕ್ಕದ ಗೋಡೆ ಮೇಲೆ ಬೇಡ. 1968ರಿಂದ ಸರ್ಕಾರವೇ ಹಂಚಿದ ಒಂದು ವಸ್ತುವಿನ ಹೆಸರು 'ನಿರೋಧ್'. ದೊಡ್ಡ ಅಕ್ಷರದಲ್ಲಿ 'ಟರ್ಬೊ ನಿರೋಧಕ' ಬರೆಸಿ ನೋಡಿ. ಲಾರಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗುತ್ತಾರೆ, ಕೆಲಸ ಮಾಡಿಸುವುದಿಲ್ಲ. ಇನ್ನು ಉಷ್ಣ ಅಂದರೆ ನಮ್ಮಲ್ಲಿ ಬಾಯಿ ಹುಣ್ಣು. ಎಳನೀರು ಕುಡಿ ಅಂತಾರೆ.

ಶಿವಮೊಗ್ಗದಿಂದ:

ಇದಕ್ಕೆ ಅಚ್ಚಗನ್ನಡ ಪದ ಕೈಯಲ್ಲೇ ಇದೆ: ಕಾವುಗಾಪು. 'ಶಾಖ' ಬೇಡ, ಸಂಸ್ಕೃತದವರಿಗೆ ಅದು ಕೊಂಬೆ. 'ಉಷ್ಣತಡೆ' ಅಂತೂ ಬೇಡವೇ ಬೇಡ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ್ದು. ಕಾಯ್ ಎಂಬ ಬೇರಿನಿಂದ ಕಾವು. ಅದೇ ಕಾಯ್‌ನಿಂದ ಕಾಪು, ಕಾವಲು. ನೀರು ಕಾದಿದೆ ಅನ್ನುತ್ತೇವೆ, ಬಾಗಿಲಲ್ಲಿ ಕಾದಿದ್ದೇನೆ ಅಂತಲೂ ಅನ್ನುತ್ತೇವೆ. ಬಿಸಿಯಾಗುವುದು, ಕಾಪಾಡುವುದು ನಮ್ಮ ಹಿರಿಯರಿಗೆ ಒಂದೇ ಕೆಲಸವಾಗಿತ್ತು. ಕಾವಿಗೆ ಕೂತ ಕೋಳಿಯನ್ನೇ ನೋಡಿ, ಎರಡನ್ನೂ ಒಟ್ಟಿಗೆ ಮಾಡುತ್ತದೆ. ಇಂಥ ಪದ ಇರುವಾಗ ಹೊರಗೆ ಕೈ ಚಾಚುವುದೇಕೆ?

ಬೆಂಗಳೂರಿನಿಂದ:

ಎರಡೂ ಬೇರೆ ಬೇರೆ ಧಾತು. ತಮಿಳಿನಲ್ಲಿ ಬಿಸಿಯಾಗುವುದು 'ಕಾಯ್', ಕಾಪಾಡುವುದು 'ಕಾ'. ಕನ್ನಡದಲ್ಲಿ ರೂಪ ಕೂಡಿಕೊಂಡಿದೆ, ಅಷ್ಟೆ. ಕೋಳಿಯನ್ನು ಅದರ ಪಾಡಿಗೆ ಬಿಡಿ.

ಮೂಡಿಗೆರೆಯಿಂದ:

ಧಾತು ಯಾವುದಾದರೂ ಇರಲಿ. ವಸ್ತು ಏನು ಮಾಡುತ್ತದೆ ಅಂತ ಮೊದಲು ನೋಡೋಣ. ನಾನು ಲಾರಿ ಇಂಜಿನ್ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು.

'ತಡೆ' ಅಥವಾ 'ನಿರೋಧ' ಅಂದರೆ ಡ್ರೈವರ್ ಏನು ತಿಳಿಯುತ್ತಾನೆ? ಟರ್ಬೊ ಬಿಸಿಯಾಗುವುದಿಲ್ಲ ಅಂತ. ಆಗುವುದು ಅದರ ಉಲ್ಟಾ. ಹೊರಗಿನ ಭಾಗಗಳಿಗೆ ಬಿಸಿ ತಾಗುವುದು ಕಡಿಮೆಯಾಗುತ್ತದೆ. ಟರ್ಬೊದ ಒಳಗೆ ಜಾಸ್ತಿ ಆಗುತ್ತದೆ. ಅದು ಬೇಕಂತಲೇ ಮಾಡಿದ್ದು. ಹೊಗೆಯಲ್ಲಿರುವ ಬಿಸಿಯೇ ಟರ್ಬೊ ಚಕ್ರ ತಿರುಗಿಸುವ ಶಕ್ತಿ. ಅದು ಗಾಳಿಗೆ ಹೋಗದೆ ಒಳಗೇ ಉಳಿದರೆ ಆ ಶಕ್ತಿ ಪೋಲಾಗುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ ನಿಯಮ) ಲಾರಿಗಳಲ್ಲಿ ಇದು ಇನ್ನೂ ಮುಖ್ಯ. ಅವುಗಳ ಸೈಲೆನ್ಸರ್ ಕಡೆ ಯೂರಿಯಾ ದ್ರಾವಣ ಚಿಮ್ಮಿಸಿ ಹೊಗೆ ಶುದ್ಧ ಮಾಡುತ್ತಾರೆ. ಹೊಗೆ ಸುಮಾರು 200 ಡಿಗ್ರಿಗಿಂತ ತಣ್ಣಗಾದರೆ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ.

ಹಾಗಾಗಿ ಸರಿಯಾದ ಪದ 'ಹೊದಿಕೆ'. ಹೊದ್ದವನಿಗೆ ಒಳಗೆ ಬೆಚ್ಚಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಟರ್ಬೊ ಹೊದಿಕೆ. ಪೈಪಿಗೆ ಸುತ್ತುವುದು ಸುತ್ತುಪಟ್ಟಿ. ಮುಗಿಯಿತು.

ಚೀಟಿಯಲ್ಲಿ ಇದನ್ನೂ ಬರೆಯಿರಿ. ಹೊದಿಕೆ ಎಕ್ಸಾಸ್ಟ್ ಕಡೆಗೆ ಮಾತ್ರ. ನಡುವೆ ಬೇರಿಂಗ್ ಇರುವ ಭಾಗಕ್ಕೂ ಗಾಳಿ ಎಳೆಯುವ ಕಡೆಗೂ ಹೊದಿಸಬಾರದು. ಘಾಟಿ ಹತ್ತಿ ಬಂದ ಕೂಡಲೇ ಇಂಜಿನ್ ಆಫ್ ಮಾಡಬಾರದು. ಆಯಿಲ್ ಓಡಾಟ ನಿಂತರೆ ಬೇರಿಂಗಿನಲ್ಲಿ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಎರಡು ಮೂರು ನಿಮಿಷ ಹಾಗೇ ಓಡಲಿ. ಇನ್ನು ನಮ್ಮ ಮಳೆ. ಪಟ್ಟಿ ನೀರು ಹಿಡಿದುಕೊಂಡರೆ ಒಳಗಿನ ಪೈಪು ತುಕ್ಕು ಹಿಡಿಯುತ್ತದೆ, ಬಿಚ್ಚುವವರೆಗೂ ಗೊತ್ತಾಗುವುದಿಲ್ಲ. ಡೀಸೆಲ್, ಆಯಿಲ್ ಕುಡಿದ ಪಟ್ಟಿಯನ್ನು ತಕ್ಷಣ ಬದಲಿಸಬೇಕು. ಬೆಂಕಿ ಹತ್ತುತ್ತದೆ. ಹಡಗುಗಳಲ್ಲಿ ಎಣ್ಣೆ ಸೋರಿ ತಾಗಬಹುದಾದ ಕಡೆ 220 ಡಿಗ್ರಿ ದಾಟುವ ಮೈಯನ್ನೆಲ್ಲ ಮುಚ್ಚಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಮುಚ್ಚುವುದೇ ಎಣ್ಣೆ ಕುಡಿದಿದ್ದರೆ ಏನು ಪ್ರಯೋಜನ?

ಸಕಲೇಶಪುರದಿಂದ:

ಹೊದಿಕೆ ಒಪ್ಪಿದೆ. ಆದರೆ 'ಟರ್ಬೊ ಕಂಬಳಿ' ಇನ್ನೂ ಚೆನ್ನಲ್ವಾ? ಮಲೆನಾಡಿನವರಿಗೆ ಬೇಗ ಹತ್ತುತ್ತದೆ. ಕನ್ನಡದ್ದೇ ಪದ.

ಬೆಂಗಳೂರಿನಿಂದ:

ಕಂಬಲ ಶಬ್ದ ಅಥರ್ವವೇದದಲ್ಲೇ ಇದೆ. ಯಾರದು ಯಾರಿಗೆ ಹೋಯಿತು ಎಂದು ಇನ್ನೂ ಜಗಳವಿದೆ. ಕನ್ನಡದ್ದೇ ಎಂದು ಅಷ್ಟು ಸಲೀಸಾಗಿ ಹೇಳಬೇಡಿ.

ಶಿವಮೊಗ್ಗದಿಂದ:

ಪಟ್ಟಿ ಕೂಡ ಸಂಸ್ಕೃತದ್ದೇ. ಸಿಲಿಕಾ, ಬಸಾಲ್ಟ್ ಅಂತ ಬರೆದಿದ್ದೀರಿ, ನೋಡಲು ಬೇಸರ. ಬಸಾಲ್ಟ್ ಕಲ್ಲು ಕರಗಿಸಿ ಎಳೆದ ನಾರು ತಾನೇ? ನಮ್ಮಲ್ಲಿ ಆಗಲೇ 'ಕಲ್ನಾರು' ಇದೆ. ಎಷ್ಟು ಚಂದದ ಪದ. ಕಲ್ನಾರಿನ ಸುತ್ತು ಎಂದು ಬರೆಯಿರಿ.

ಮೂಡಿಗೆರೆಯಿಂದ:

ದಯವಿಟ್ಟು ಬೇಡ. ಕಲ್ನಾರು ಅಂದರೆ ಆಸ್ಬೆಸ್ಟಾಸ್. ಹಳೇ ಗ್ಯಾರೇಜುಗಳಲ್ಲಿ ಸೈಲೆನ್ಸರ್‌ಗೆ ಆಸ್ಬೆಸ್ಟಾಸ್ ಹಗ್ಗವನ್ನೇ ಸುತ್ತುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರುತ್ತದೆ. ಈಗ ಅದನ್ನು ಬಿಡಿಸಿ ಬೇರೆ ನಾರು ತಂದಿದ್ದೇವೆ. ಹೊಸದಕ್ಕೆ ಹಳೆಯ ವಿಷದ ಹೆಸರಿಟ್ಟರೆ ತಿಳಿದವರು ಓಡಿ ಹೋಗುತ್ತಾರೆ. ತಿಳಿಯದವರು ಮೂಲೆಯಲ್ಲಿ ಬಿದ್ದಿರುವ ಹಳೇ ಹಗ್ಗವನ್ನೇ ಎತ್ತಿಕೊಳ್ಳುತ್ತಾರೆ. ಪದ ಚಂದ ಇದ್ದರೆ ಸಾಲದು.

ಶಿವಮೊಗ್ಗದಿಂದ:

ಹೀಗೆ ಒಂದೊಂದಕ್ಕೂ ಹೆದರಿದರೆ ಕನ್ನಡದಲ್ಲಿ ಉಳಿಯುವುದು ಪ್ರತ್ಯಯ ಮಾತ್ರ. 13ನೇ ಶತಮಾನದಲ್ಲಿ ಆಂಡಯ್ಯ ಸಂಸ್ಕೃತ ಪದಗಳನ್ನು ಹಾಗೇ ತರದೆ ಇಡೀ ಕಾವ್ಯ ಬರೆದ. ನಮಗೆ ಒಂದು ಬೋರ್ಡ್ ಬರೆಯಲು ಆಗುವುದಿಲ್ಲ.

ಬೆಂಗಳೂರಿನಿಂದ:

ಆಂಡಯ್ಯ ತದ್ಭವ ಧಾರಾಳವಾಗಿ ಬಳಸಿದ್ದಾನೆ. ಆ ಲೆಕ್ಕದಲ್ಲಿ 'ಗ್ಯಾರೇಜು', 'ಲಾರಿ' ಕೂಡ ಇಂದಿನ ತದ್ಭವ. ಕೇಳಿದವರು ಹಾಸನದವರು, ಅವರ ಜಿಲ್ಲೆಯದ್ದೇ ಉದಾಹರಣೆ ಕೊಡುತ್ತೇನೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450. ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಮುಂದಿನ ಕನ್ನಡದಲ್ಲೂ ಸಂಸ್ಕೃತ ತುಂಬಿದೆ. ಕನ್ನಡ ಕಣ್ಣು ಬಿಟ್ಟಾಗಲೇ ಸಾಲ ಮಾಡಿತ್ತು, ಸಾಲದಿಂದ ಸಾಯಲಿಲ್ಲ. ನೀವು ಓಡಾಡುವ ರಸ್ತೆ ಪಾರಸಿಯದು, ಲಾರಿಯ ಚಾವಿ ಪೋರ್ಚುಗೀಸರದು. ಇಳಿದು ನಡೆಯುತ್ತೀರಾ?

ಮೈಸೂರಿನಿಂದ:

ಉಷ್ಣ ನಿರೋಧಕ ಎಂದು ಮೊದಲೇ ಒಪ್ಪಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.

ಸಕಲೇಶಪುರದಿಂದ:

ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕು ಅಂತ ಈಗ ಕಾನೂನಿದೆ. ಟರ್ಬೊ, ಸೈಲೆನ್ಸರ್, ಪೈಪು ಎಲ್ಲ ಕನ್ನಡ ಅಕ್ಷರದಲ್ಲಿದ್ದರೆ ಅದು ಕನ್ನಡದ ಲೆಕ್ಕಕ್ಕೋ ಇಂಗ್ಲಿಷಿನ ಲೆಕ್ಕಕ್ಕೋ? ಸುಮ್ನೆ ಕೇಳಿದೆ.

ಶಿವಮೊಗ್ಗದಿಂದ:

ಇಂಗ್ಲಿಷಿನ ಲೆಕ್ಕಕ್ಕೆ.

ಬೆಂಗಳೂರಿನಿಂದ:

ಕನ್ನಡದ ಲೆಕ್ಕಕ್ಕೆ.

ಹಾಸನದಿಂದ:

ಎಲ್ಲರಿಗೂ ಥ್ಯಾಂಕ್ಸ್. ಪೇಂಟರ್ ಬಂದು ಹೋದರು. ಬರೆಸಿದ್ದು ಇಷ್ಟು: 'ಟರ್ಬೊಗೆ ಹೊದಿಕೆ, ಸೈಲೆನ್ಸರ್ ಪೈಪಿಗೆ ಸುತ್ತುಪಟ್ಟಿ ಹಾಕಿಕೊಡಲಾಗುವುದು'. ಇನ್ಸುಲೇಶನ್ ಅನ್ನುವ ಪದವೇ ಬೇಕಾಗಲಿಲ್ಲ. ಕಂಬಳಿ ಬಿಟ್ಟೆ. ಕಂಬಳಿಯನ್ನೇ ಹೊದಿಸುತ್ತಾರಾ ಅಂತ ಗ್ಯಾರೇಜಿನ ಹುಡುಗನೇ ಕೇಳಿದ. 'ಕಾವು ಒಳಗೇ ಉಳಿಯುತ್ತದೆ' ಎಂಬ ಸಾಲು ಚೀಟಿಯಲ್ಲಿ ಮೊದಲು ಬಂದಿದೆ. ಹಾಗಾಗಿ ಶಿವಮೊಗ್ಗದವರ ಕಾವು ಕೂಡ ಉಳಿದಿದೆ.

ಚೀಟಿ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಒಂದು ಪದ ಬಾಕಿ. ಘಾಟಿ ಹತ್ತಿದ ಮೇಲೆ ಇಂಜಿನ್ ಐಡ್ಲಿಂಗ್‌ನಲ್ಲಿ ಇಡಿ ಅನ್ನಬೇಕು. 'ನಿಷ್ಕ್ರಿಯ ಚಾಲನೆ' ಅಂತ ಒಬ್ಬರು ಸೂಚಿಸಿದ್ದಾರೆ.

ಶಿವಮೊಗ್ಗದಿಂದ:

'ಹಾಕಿಕೊಡಲಾಗುವುದು' ಯಾವ ಕನ್ನಡ? ಹಾಕಿಕೊಡುತ್ತೇವೆ. ಐಡ್ಲಿಂಗ್‌ಗೆ 'ಬರಿದೋಟ' ಅನ್ನಿ.

ಬೆಂಗಳೂರಿನಿಂದ:

ಬರಿದೋಟ ಕೇಳಿದರೆ ಡ್ರೈವರ್ ಇಳಿದು ಓಡುತ್ತಾನೆ.

ಮೂಡಿಗೆರೆಯಿಂದ:

'ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ ಎರಡು ಮೂರು ನಿಮಿಷ ಸ್ಲೋದಲ್ಲಿ ಬಿಡಿ, ಆಮೇಲೆ ಆಫ್ ಮಾಡಿ.' ಹೀಗೇ ಬರೆಯಿರಿ. ಪಾರಸಿ, ಪೋರ್ಚುಗೀಸ್ ಜಗಳಕ್ಕೆ ಬೇರೆ ಎಳೆ ಶುರು ಮಾಡಿಕೊಳ್ಳಿ. ನನ್ನನ್ನು ಅದಕ್ಕೆ ಸೇರಿಸಬೇಡಿ.