ಇಳಕಲ್ ಸೀರಿ ಅಂಗಡಿ ವೆಬ್‌ಸೈಟ್ ಗೂಗಲ್‌ನಾಗ ಬರವಲ್ದು, ಏನ್ ಮಾಡ್ಬೇಕ್ರಿ?

ಮಗ್ಗದಮನಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಇಳಕಲ್‌ನಾಗ ಸೀರಿ ಅಂಗಡಿ ಐತ್ರಿ, ಅಪ್ಪಾರು ನೋಡ್ಕೋತಾರ, ಊರಾಗಿನ ನೇಕಾರ ಕಡೆ ನೇಯಿಸಿ ಮಾರ್ತೀವಿ. ವೆಬ್‌ಸೈಟ್ ಮಾಡ್ಸಿ ವರ್ಷದ ಮ್ಯಾಲಾತು, ಅಂಗಡಿ ಹೆಸರು ಪೂರ್ತಿ ಹೊಡದ್ರ ಅಷ್ಟ ಬರ್ತೈತಿ, ಇಳಕಲ್ ಸೀರೆ ಅಂತ ಹೊಡದ್ರ ನಮ್ಮದು ಎಲ್ಲೂ ಇಲ್ಲ. ಫೋಟೋ ಎಲ್ಲಾ ಪೋಸ್ಟರ್ ಥರ ಮಾಡ್ಸಿ ಹಾಕೀವಿ, ರೇಟು, ಬಣ್ಣ, ಫೋನ್ ನಂಬರ್ ಎಲ್ಲಾ ಅದರ ಮ್ಯಾಲೇನ ಐತಿ. ಕನ್ನಡ ಮಾಹಿತಿ ಡಿಟಿಪಿ ಅಂಗಡಿಯಾಗ ಟೈಪ್ ಮಾಡ್ಸಿದ್ದು. ಪುಣೆ ಗಿರಾಕಿ ಒಬ್ರು ಪೇಜ್ ಓಪನ್ ಆಗೂದು ಬಾಳ ತಡ ಅಂದ್ರು, ಇನ್ನೊಬ್ರು ಫೋನ್‌ನಾಗ ಕನ್ನಡದ ಬದ್ಲಿ ಇಂಗ್ಲಿಷ್ ಅಕ್ಷರ ಕಲಸಿಟ್ಟಂಗ ಕಾಣ್ತಾವು ಅಂದ್ರು. ಈಗ ಒಂದ್ ಕಂಪನಿಯವ್ರು ಫೋನ್ ಮಾಡಿ ತಿಂಗಳದಾಗ ಫಸ್ಟ್ ಪೇಜ್ ಗ್ಯಾರಂಟಿ ಅಂತಾರ, ರೊಕ್ಕ ಮುಂಗಡ ಕೇಳ್ತಾರ. ಕೊಡ್ಲ್ಯೋ ಬ್ಯಾಡೋ?

ಕೋಡ್‌ಮನೆ:
ದಯವಿಟ್ಟು ಕೊಡ್ಬೇಡಿ ಸರ್. ಮೊದಲನೇ ಜಾಗ ಗ್ಯಾರಂಟಿ ಅಂತ ಯಾರೂ ಹೇಳೋಕಾಗಲ್ಲ ಅಂತ ಗೂಗಲ್ಲೇ ತನ್ನ ಹೆಲ್ಪ್ ಪೇಜಲ್ಲಿ ಬರೆದಿದೆ. ನಿಮ್ಮ ತೊಂದರೆ ಏನು ಅಂತ ನೀವು ಬರೆದಿರೋದ್ರಲ್ಲೇ ಗೊತ್ತಾಗ್ತಿದೆ. ಸೈಟಿಂದ ಒಂದು ಸಾಲು ಕನ್ನಡ ಕಾಪಿ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡಿ ನೋಡಿ. ಅಲ್ಲೂ ಇಂಗ್ಲಿಷ್ ಅಕ್ಷರಾನೇ ಬಂದ್ರೆ ಡಿಟಿಪಿಯವರು ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದಾರೆ ಅಂತ. ಅಂದ್ರೆ ಕಣ್ಣಿಗೆ ಕನ್ನಡ ಕಂಡ್ರೂ ಒಳಗಿರೋದು ಬರೀ ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆ, ಆ ಫಾಂಟ್ ಇಲ್ಲದ ಫೋನಲ್ಲಿ ಅದೇ ಬಯಲಾಗುತ್ತೆ, ಗೂಗಲ್ ಓದೋದೂ ಅದನ್ನೇ. ಯಾರಾದ್ರೂ ಕನ್ನಡದಲ್ಲಿ ಇಳಕಲ್ ಸೀರೆ ಅಂತ ಹುಡುಕಿದ್ರೆ ನಿಮ್ಮ ಪೇಜಲ್ಲಿ ಆ ಪದಾನೇ ಇಲ್ಲ! ಎಲ್ಲಾ ಫೋನಲ್ಲೂ ಕನ್ನಡವಾಗೇ ಕಾಣೋ ಯೂನಿಕೋಡ್‌ಗೆ ಬದಲಾಯಿಸಿ, ಕನ್ವರ್ಟರ್ ಫ್ರೀಯಾಗೇ ಸಿಗುತ್ತೆ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿರುತ್ತಾ ಅಂತ ಒಬ್ರು ಕೂತು ಓದ್ಲೇಬೇಕು.

ಪೋಸ್ಟರ್ ವಿಷಯಾನೂ ಹಾಗೇ. ಫೋಟೋ ಮೇಲೆ ಬರೆದ ರೇಟನ್ನ ಪೇಜಿನ ಬರಹ ಅಂತ ನಂಬ್ಕೊಂಡು ಕೂರೋಕಾಗಲ್ಲ. ಫೋಟೋ ಮೇಲೆ ಏನೂ ಬರೀಬೇಡಿ, ವಿವರ ಕೆಳಗೆ ಅಕ್ಷರದಲ್ಲಿ ಇರ್ಲಿ, ಆಲ್ಟ್ ಟೆಕ್ಸ್ಟಲ್ಲಿ, ಅಂದ್ರೆ ಫೋಟೋ ಜೊತೆ ಕೋಡಲ್ಲಿ ಕೊಡೋ ವಿವರದಲ್ಲಿ, ಫೋಟೋದಲ್ಲಿರೋದು ಏನು ಅಂತ ಒಂದು ಸಾಲು, ಫೋನ್ ನಂಬರ್ ಮುಟ್ಟಿದ್ರೆ ಕಾಲ್ ಹೋಗೋ ಥರ. ಫೋಟೋನ ಸಣ್ಣದು ಮಾಡಿ ಫೈಲ್ ಹಗುರ ಆಗೋ ವೆಬ್‌ಪಿ ಫಾರ್ಮ್ಯಾಟಲ್ಲಿ ಹಾಕಿ, ಪೇಜ್ ಎಷ್ಟು ಬೇಗ ತೆರೆಯುತ್ತೆ ಅಂತ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸಲ್ಲಿ ಚೆಕ್ ಮಾಡಿ, ಪೇಜಿನ ದೊಡ್ಡ ಫೋಟೋ 2.5 ಸೆಕೆಂಡ್ ಒಳಗೆ ಬಂದ್ರೆ ಗೂಗಲ್ ಲೆಕ್ಕದಲ್ಲಿ ಚೆನ್ನಾಗಿದೆ ಅಂತ. ಪೇಜಿನ ಕೋಡಲ್ಲಿ ಕಣ್ಣಿಗೆ ಕಾಣದ ಕೀವರ್ಡ್ಸ್ ಟ್ಯಾಗಲ್ಲಿ ನೂರು ಪದ ತುಂಬಿಸ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಬಿಟ್ಬಿಡಿ, ಅದನ್ನ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಧಾರವಾಡದಕ್ಕ:
ತಮ್ಮಾ, ನಂಗ ಟೆಕ್ನಿಕಲ್ ತಿಳಿಯಂಗಿಲ್ಲ, ಸೀರಿ ಕೊಳ್ಳಾಕಿ ಆಗಿ ಹೇಳ್ತೀನಿ. ಆನ್‌ಲೈನ್‌ನಾಗ ಇಳಕಲ್ ಸೀರಿ ಅಂತ ಸಿಕ್ಕಾಪಟ್ಟೆ ಬರ್ತಾವು, ಆದ್ರ ಕೈಮಗ್ಗದ್ದೋ ಪವರ್‌ಲೂಮಿಂದೋ ಒಬ್ರೂ ನೆಟ್ಟಗ ಬರದಿರಂಗಿಲ್ಲ. ಒಡಲು ಹತ್ತಿನೋ ರೇಷ್ಮಿನೋ, ಸೆರಗು ಅಸಲಿ ರೇಷ್ಮಿನೋ ಚಮಕಾ ಅಂದ್ರ ಕೃತಕ ರೇಷ್ಮಿನೋ, ಟೋಪ್ ತೆನಿ, ಅಂದ್ರ ಒಡಲಿನ ನೂಲಿಗೆ ಸೆರಗಿನ ನೂಲು ಕುಣಿಕಿ ಹಾಕಿ ಜೋಡಿಸಿದ್ದೇನು, ದಡಿ ನಮೂನಿ ಗೋಮಿನೋ ಚಿಕ್ಕಿ ಪರಾಸೋ, ಆರು ಗಜಾನೋ ಒಂಬತ್ತೋ, ಮೊದಲ ಸಲ ಹೆಂಗ ತೊಳೀಬೇಕು, ಇಷ್ಟು ಒಂದೊಂದು ಸೀರಿ ಕೆಳಗ ಬರೀರಿ. ಮಹಾರಾಷ್ಟ್ರದಾಗ ಒಂಬತ್ ಗಜದ್ದು ಉಡೋರು ಅದಾರ, ಅವರು ಅದನ್ನ ಹುಡುಕ್ತಾರ. ನಿಮ್ಮ ಅಪ್ಪಾರು ಅಂಗಡ್ಯಾಗ ಸೀರಿ ಬಿಚ್ಚಿ ಹಾಸಿ ಏನೇನ್ ಹೇಳ್ತಾರೋ ಅದನ್ನ ಫೋನ್‌ನಾಗ ರೆಕಾರ್ಡ್ ಮಾಡ್ಕೊಂಡು ಹಂಗ ಬರದ್ರ ಸಾಕು, ಅದಕ್ಕಿಂತ ಚಲೋ ಯಾವ ಕಂಪನಿಯವ್ರೂ ಬರ್ಯಾಂಗಿಲ್ಲ. ಮತ್ತ ಗುಳೇದಗುಡ್ಡ ಖಣ (ಕುಪ್ಪಸದ ಬಟ್ಟಿ) ನೀವ ಇಟ್ಟಿದ್ರ ಸೀರಿ ಪೇಜಿನ ಕೆಳಗ ಅದಕ್ಕೊಪ್ಪೋ ಖಣ ತೋರಸ್ರಿ, ನಾನಂತೂ ಎರಡೂ ಕೂಡೇ ತಗೋತೀನಿ.

ಮಗ್ಗದಮನಿ:
ಅಕ್ಕಾರ, ಅಣ್ಣಾರ, ಬಾಳ ಉಪಕಾರ ಆತ್ರಿ. ವಾಟ್ಸಾಪ್‌ನಾಗ ಪೇಸ್ಟ್ ಮಾಡಿ ನೋಡ್ದೆ, ಬರೀ ಇಂಗ್ಲಿಷ್ ಅಕ್ಷರ ಬಂದ್ವು. ಅಪ್ಪಾರ ಮಾತು ಇವತ್ತಿಂದಾನ ರೆಕಾರ್ಡ್ ಮಾಡ್ತೀನಿ. ಇನ್ನೊಂದ್ ಕೇಳ್ತೀನ್ರಿ, ಕೆಲವರು ಇಳಕಲ್ ಅಂತಾರ, ಕೆಲವರು ಇಲಕಲ್, ಇರಕಲ್ ಅಂತ ಹೊಡೀತಾರ, ಎಲ್ಲಾ ಹೆಸರಿಗೂ ಬ್ಯಾರೆ ಪೇಜ್ ಮಾಡ್ಲ್ಯಾ? ಮತ್ತ ಹಳೇ ಸೈಟ್ ಪೂರಾ ಅಳಿಸಿ ಹೊಸಾದು ಹಾಕ್ಲ್ಯಾ?

ಕೋಡ್‌ಮನೆ:
ಬೇರೆ ಬೇರೆ ಪೇಜ್ ಬೇಡ, ಅದೇ ವಿಷಯ ಮೂರು ಸಲ ಇದ್ರೆ ಓದೋರಿಗೂ ಬೇಜಾರು. ಒಂದೇ ಪೇಜಲ್ಲಿ ಸಹಜವಾಗಿ ಒಂದ್ಸಲ ಇರಕಲ್ ಸೀರೆ ಅಂತಲೂ ಕರೀತಾರೆ ಅಂತ ಬರೆದ್ರೆ ಆಯ್ತು. ಇಂಗ್ಲಿಷ್, ಮರಾಠಿ ಬೇಕಾದ್ರೆ ಮಾತ್ರ ಒಂದೊಂದು ಭಾಷೆಗೆ ಬೇರೆ ವಿಳಾಸದ ಪೇಜ್ ಮಾಡಿ, ಮಷೀನ್ ಅನುವಾದ ಹಾಗೇ ಹಾಕ್ಬೇಡಿ, ದಡಿ ಸೆರಗು ಗೊತ್ತಿರೋರಿಂದ ಓದಿಸಿ.

ಹಳೇದನ್ನ ಅಳಿಸ್ಬೇಡಿ. ಪೇಜುಗಳ ವಿಳಾಸ ಇದ್ದ ಹಾಗೇ ಇರ್ಲಿ, ಬದಲಾಯಿಸ್ಲೇಬೇಕು ಅಂದ್ರೆ ಹಳೇ ವಿಳಾಸದಿಂದ ಹೊಸದಕ್ಕೆ ತಾನಾಗೇ ಕಳಿಸೋ 301 ರೀಡೈರೆಕ್ಟ್ ಹಾಕಿಸಿ, ಇಲ್ಲಾಂದ್ರೆ ಈಗಾಗ್ಲೇ ವಾಟ್ಸಾಪಲ್ಲಿ ನಿಮ್ಮ ಲಿಂಕ್ ಇಟ್ಕೊಂಡಿರೋ ಗಿರಾಕಿಗೂ ಪೇಜ್ ಸಿಗಲ್ಲ. ಸೈಟ್ ಕಟ್ಟಿರೋದು ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರಲ್ಲಿ ಆಗಿದ್ರೆ ಸೆಟ್ಟಿಂಗ್ಸಲ್ಲಿ ರೀಡಿಂಗ್ ಒಳಗೆ ಸರ್ಚ್ ಎಂಜಿನ್ ಬೇಡ ಅನ್ನೋ ಟಿಕ್ ಇದ್ಯಾ ನೋಡಿ, ಸೈಟ್ ಕಟ್ಟುವಾಗ ಹಾಕಿ ತೆಗೆಯೋದನ್ನ ಮರೆತಿರೋದು ತುಂಬಾ ಕಡೆ ನೋಡಿದೀನಿ. ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಸಾಧನ ಫ್ರೀ, ನಿಮ್ಮದೇ ಜಿಮೇಲಲ್ಲಿ ಮಾಡ್ಕೊಳ್ಳಿ, ಡೆವಲಪರ್ ಅಕೌಂಟಲ್ಲಿ ಬೇಡ. ಜನ ಏನು ಹೊಡೆದು ನಿಮ್ಮ ಹತ್ರ ಬರ್ತಾರೆ ಅನ್ನೋದು ಅಲ್ಲೇ ಕಾಣುತ್ತೆ. ಗೂಗಲ್ ಬಿಸಿನೆಸ್ ಪ್ರೊಫೈಲಲ್ಲೂ ಅಂಗಡಿ ಹಾಕಿ, ಟೈಮು, ವಾರದ ರಜೆ ಸರಿಯಾಗಿ ಕೊಡಿ, ಇಳಕಲ್‌ಗೇ ಬಂದು ಕೊಳ್ಳೋರು ಮ್ಯಾಪ್ ನೋಡ್ಕೊಂಡೇ ಬರೋದು. ಕನ್ವರ್ಟ್ ಮಾಡಿದ್ಮೇಲೆ ಒಂದು ಪೇಜ್ ಇಲ್ಲಿ ಹಾಕಿ, ಅರ್ಕಾವತ್ತು ನಾನೂ ಓದಿ ನೋಡ್ತೀನಿ.