ಸೈಡರ್ ಕೇಳಿದರೆ ವಿನೆಗರ್ ಕೊಟ್ಟರು: ಸೇಬಿನ ರಸದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮಸ್ತೆ ಮೇಡಂ. ನೀವು ಹಣ್ಣಿನ ರಸದ ಘಟಕದಲ್ಲಿ ಕೆಲಸ ಮಾಡಿದೋರು, ಅದಕ್ಕೇ ಕೇಳ್ತಿದೀನಿ. ಮಗಳು ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ. ಹೋದ ವಾರ ಸೇಬಿನ ತೋಟಕ್ಕೆ ಹೋಗಿ ‘ಆಪಲ್ ಸೈಡರ್’ ಕುಡಿದ್ವಿ, ಮಕ್ಕಳಿಗೂ ಕುಡಿಸಿದ್ವಿ ಅಂದಳು. ನಾನೂ ಇಲ್ಲಿ ಅಂಗಡೀಲಿ ಕೇಳಿದ್ದಕ್ಕೆ ‘ಇದೇ ನೋಡ್ರಿ’ ಅಂತ ವಿನೆಗರ್ ಬಾಟಲಿ ಕೊಟ್ಟರು. ಒಂದೇ ಗುಟುಕಿಗೆ ಗಂಟಲೆಲ್ಲಾ ಉರೀತು. ನಮ್ಮ ಮೈದುನ ನೋಡಿದ್ರೆ ‘ಅತ್ತಿಗೆ, ಸೈಡರ್ ಅಂದ್ರೆ ಹೆಂಡ’ ಅಂತಾನೆ. ಮಗಳು ಮಕ್ಕಳಿಗೆ ಹೆಂಡ ಕುಡಿಸಿದಳಾ ಅಂತ ನನಗೆ ನಿದ್ದೆ ಬಂದಿಲ್ಲ. ಸೈಡರ್ ಬೇರೆ, ಜ್ಯೂಸ್ ಬೇರೆನಾ?

ಉತ್ತರ: ಅಮ್ಮಾ, ಮೊದಲು ನೆಮ್ಮದಿಯಾಗಿರಿ. ಅಮೆರಿಕದಲ್ಲಿ ಬರೀ ‘ಸೈಡರ್’ ಅಂದರೆ ಹಿಂಡಿದ ಸೇಬಿನ ರಸ, ಅಮಲಿನದ್ದಲ್ಲ. ಅಮಲಿನದ್ದಕ್ಕೆ ಅಲ್ಲಿ ‘ಹಾರ್ಡ್ ಸೈಡರ್’ ಅನ್ನುತ್ತಾರೆ. ನಿಮ್ಮ ಮೈದುನ ಹೇಳಿದ್ದೂ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಸೈಡರ್ ಅಂದರೆ ಹುದುಗಿಸಿದ ಪಾನೀಯವೇ. ಫ್ರಾನ್ಸಿನ ನಾರ್ಮಂಡಿಯಲ್ಲೂ ಹಾಗೇ.

ನಮ್ಮ ಈಚಲ ಮರ ನೆನೆಸಿಕೊಳ್ಳಿ. ನಸುಕಿನಲ್ಲಿ ಇಳಿಸಿದ ನೀರಾ ಸಿಹಿ. ಬಿಸಿಲೇರಿದಂತೆ ಅದೇ ಹೆಂಡ. ಇನ್ನೂ ಬಿಟ್ಟರೆ ಬಾಯಿಗಿಡಲಾಗದಷ್ಟು ಹುಳಿ. ಸೇಬಿನ ರಸದ ದಾರಿಯೂ ಇದೇ. ಯೀಸ್ಟ್ ಅದರ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ, ಆಮೇಲೆ ಬೇರೊಂದು ಬ್ಯಾಕ್ಟೀರಿಯಾ ಬಂದು ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ವಿನೆಗರ್‌ನ ಹುಳಿ ಅಂದರೆ ಈ ಆಮ್ಲವೇ, ನಿಮ್ಮ ಗಂಟಲು ಸುಟ್ಟಿದ್ದೂ ಇದೇ. ಆ ಬಾಟಲಿಯನ್ನು ದಯವಿಟ್ಟು ಹಾಗೇ ಕುಡಿಯಬೇಡಿ, ಹಲ್ಲಿನ ಮೇಲ್ಪದರವೂ ಸವೆಯುತ್ತದೆ. ಉಪ್ಪಿನಕಾಯಿಗೋ ಸಲಾಡಿಗೋ ಇಟ್ಟುಕೊಳ್ಳಿ.

ಇನ್ನು ಸೈಡರ್‌ಗೂ ಜ್ಯೂಸ್‌ಗೂ ಇರುವ ವ್ಯತ್ಯಾಸ. ಹಣ್ಣು ಒಂದೇ, ಆಮೇಲೆ ಮಾಡುವ ಕೆಲಸ ಬೇರೆ. ಸೇಬನ್ನು ಜಜ್ಜಿ ಹಿಂಡಿ, ಹೆಚ್ಚು ಸೋಸದೆ ಬಿಟ್ಟರೆ ಅದು ಅಮೆರಿಕದವರ ಸೈಡರ್. ಗಸಿ ಅದರಲ್ಲೇ ಉಳಿಯುವುದರಿಂದ ಮಂದ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಅದೇ ಕಾರಣಕ್ಕೆ ಈ ರಸವೂ ಕಂದು. ಜ್ಯೂಸ್ ಮಾಡುವವರು ರಸವನ್ನು ಮಂದವಾಗಿಸುವ ಪೆಕ್ಟಿನ್ ಅನ್ನುವ ಅಂಶ ಕರಗಿಸುವ ಕಿಣ್ವ ಹಾಕಿ, ಗಸಿ ಇಳಿಸಿ, ಕನ್ನಡಿಯಂತೆ ತಿಳಿಯಾಗುವವರೆಗೆ ಸೋಸಿ, ಕಾಯಿಸಿ ಸೀಲ್ ಮಾಡುತ್ತಾರೆ. ಅದಕ್ಕೇ ಅದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಆದರೆ ಹಸಿ ಹಣ್ಣಿನ ಆ ಘಮ ಎಷ್ಟೋ ಹೋಗಿರುತ್ತದೆ. ಅಲ್ಲಿಯೂ ಈ ಎರಡು ಹೆಸರನ್ನು ಎಲ್ಲರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ, ಹಾಗಾಗಿ ಹೆಸರಿಗಿಂತ ಲೇಬಲ್ ಮುಖ್ಯ.

ಒಂದು ಮಾತು ಮಗಳಿಗೆ ಖಂಡಿತ ಹೇಳಿ. ಆ ಸೈಡರ್ ಪಾಶ್ಚರೀಕರಿಸಿದ್ದೋ, ಅಂದರೆ ರೋಗಾಣು ಸಾಯುವಂತೆ ಕಾಯಿಸಿದ್ದೋ, ಇಲ್ಲವೋ ಕೇಳಲಿ. 1996ರಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಕಾಯಿಸದ ಸೇಬಿನ ರಸದಿಂದ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹರಡಿ ಹತ್ತಾರು ಜನ ಕಾಯಿಲೆ ಬಿದ್ದರು, ಒಂದು ಪುಟ್ಟ ಮಗು ತೀರಿಕೊಂಡಿತು. ನೆಲಕ್ಕೆ ಬಿದ್ದ ಹಣ್ಣಿಗೆ ಸಗಣಿ ತಾಗಿದ್ದರೂ ಸಾಕು, ಈ ಸೋಂಕು ಬರಬಹುದು. 1998ರಿಂದ ಅಲ್ಲಿ ಕಾಯಿಸದ ರಸದ ಬಾಟಲಿಯ ಮೇಲೆ ಎಚ್ಚರಿಕೆ ಅಚ್ಚಾಗುತ್ತದೆ. ತೋಟದಲ್ಲಿ ಲೋಟಕ್ಕೆ ಸುರಿದು ಕೊಡುವಾಗ ಆ ಲೇಬಲ್ ಎಲ್ಲಿರುತ್ತದೆ? ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಕಾಯಿಸಿದ್ದನ್ನೇ ಕುಡಿಯಬೇಕು.

ಪ್ರಶ್ನೆ (ಹಿರಿಯೂರು): ಮೇಡಂ, ನಮ್ಮ ಕಡೆ ದಾಳಿಂಬೆಗೇನೂ ಬರ ಇಲ್ಲ, ಸೇಬು ಮಾತ್ರ ಹೊರಗಿಂದಲೇ ಬರಬೇಕು. ದಾವಣಗೆರೆ ಕೆ.ಆರ್. ಮಾರ್ಕೆಟ್‌ನಲ್ಲಿ ಡಾಗು ಬಿದ್ದ ಸೇಬು ಅಗ್ಗಕ್ಕೆ ಸಿಗುತ್ತೆ. ಅದರಲ್ಲಿ ಈ ಸೈಡರ್ ಮನೇಲೇ ಮಾಡಬಹುದಾ?

ಉತ್ತರ: ಮಾಡಬಹುದು ಸರ್, ಆದರೆ ಕೊಳೆತ ಹಣ್ಣು ಬೇಡವೇ ಬೇಡ. ಕೊಳೆತ ಸೇಬಿನ ಬೂಷ್ಟಿನಲ್ಲಿ ಪ್ಯಾಟುಲಿನ್ ಅನ್ನುವ ವಿಷ ಹುಟ್ಟುತ್ತದೆ, ಕುದಿಸಿದರೂ ಪೂರ್ತಿ ಹೋಗದು. ಕಾರ್ಖಾನೆಯ ರಸದಲ್ಲಿ ಕಿಲೋಗೆ 50 ಮೈಕ್ರೋಗ್ರಾಂ ಮೀರಬಾರದು ಅಂತ ಮಿತಿಯೇ ಇದೆ. ಮನೆಯಲ್ಲಿ ಅದನ್ನು ಅಳೆಯುವವರು ಯಾರು? ಬರೀ ಪೆಟ್ಟು ಬಿದ್ದು ಒಳಗೆ ಗಟ್ಟಿ ಇದ್ದರೆ ಆ ಭಾಗ ಧಾರಾಳವಾಗಿ ಕತ್ತರಿಸಿ ತೆಗೆಯಿರಿ.

ಚೆನ್ನಾಗಿ ತೊಳೆದು, ಬೀಜ ತೆಗೆದು, ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಹಿಂಡಿ. ಎರಡು ಕಿಲೋಗೆ ಹೆಚ್ಚುಕಡಿಮೆ ಒಂದು ಲೀಟರ್ ಬರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಒಂದು ಕುದಿ ಬರಿಸಿ. ಚಕ್ಕೆ, ಎರಡು ಲವಂಗ ಹಾಕಿದರೆ ಚಳಿಗಾಲಕ್ಕೆ ಬಹಳ ಹಿತ. ಹುಳಿ ಸೇಬು ಒಂದೆರಡು ಬೆರೆಸಿ, ಬರೀ ಸಿಹಿ ಹಣ್ಣಿನ ರಸ ಸಪ್ಪೆ ಅನ್ನಿಸುತ್ತದೆ. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿಬಿಡಿ.

ಪ್ರಶ್ನೆ (ಚಿತ್ರದುರ್ಗ): ಅತ್ತೆಗೆ ಶುಗರ್ ಇದೆ. ಸೈಡರ್, ಜ್ಯೂಸ್ ಎರಡರಲ್ಲಿ ಯಾವುದು ಕೊಡಲಿ ಅಕ್ಕಾ?

ಉತ್ತರ: ಎರಡೂ ಬೇಡಮ್ಮ. ಸೋಸಿದರೂ ಸೋಸದಿದ್ದರೂ ಒಂದು ದೊಡ್ಡ ಲೋಟದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಸೇಬನ್ನೇ ಅರ್ಧ ಹೆಚ್ಚಿ ಸಿಪ್ಪೆ ಸಮೇತ ಕೊಡಿ. ಶುಗರ್ ಇದ್ದಕ್ಕಿದ್ದಂತೆ ಇಳಿದು ಬೆವರು, ನಡುಕ ಬಂದರೆ ಮಾತ್ರ ಅರ್ಧ ಲೋಟ ಜ್ಯೂಸ್ ತಕ್ಷಣ ಕುಡಿಸಿ, ಆಗ ಅದೇ ಔಷಧಿ. ಶುಗರ್‌ಗೆ ಅಂತ ವಿನೆಗರ್ ಶುರು ಮಾಡುವ ಆಸೆ ಇದ್ದರೆ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಬೇಡ. ಅಂಗಡಿಯ ಡಬ್ಬ ಕೊಳ್ಳುವಾಗ ‘ಫ್ರೂಟ್ ಡ್ರಿಂಕ್’ ಅಂತಿದ್ದರೆ ಅದು ಜ್ಯೂಸ್ ಅಲ್ಲ, ಅದರಲ್ಲಿ ರಸ ಶೇ. 10ರಷ್ಟೇ ಇರಬಹುದು.

ಪ್ರಶ್ನೆ (ವಿದ್ಯಾನಗರ): ಮಗಳಿಗೆ ಫೋನ್ ಮಾಡಿದೆ ಮೇಡಂ. ಪಾಶ್ಚರೀಕರಿಸಿದ್ದೇ ಅಂತೆ, ಬಾಟಲಿ ಮೇಲೆ ಬರೆದಿದೆಯಂತೆ. ಅರ್ಧ ಇನ್ನೂ ಫ್ರಿಜ್ಜಲ್ಲಿದೆ ಅಂದಳು.

ಉತ್ತರ: ಒಳ್ಳೇದಾಯ್ತಮ್ಮ. ತೆರೆದ ಬಾಟಲಿಯನ್ನು ವಾರದೊಳಗೆ ಖಾಲಿ ಮಾಡಲಿ. ಮುಚ್ಚಳ ತೆಗೆದಾಗ ಬುಸ್ ಅಂದರೆ ಅದು ಹುದುಗಲು ಶುರುವಾಗಿದೆ ಅಂತ ಅರ್ಥ, ಮಕ್ಕಳಿಗೆ ಕೊಡದೆ ಚೆಲ್ಲಿಬಿಡಲಿ.