ಬಾಡಿಗೆ ಮನೆ, 55 ಇಂಚಿನ ಟಿವಿ: ಗೋಡೆಗೆ ಹಾಕಿಸೋದಾ, ಟೇಬಲ್ ಮೇಲೇ ಇರಲಾ?

ಹಾಲ್‌ಮೂಲೆ:
ನಮಸ್ಕಾರ. ಮೈಸೂರಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ. ಟಿವಿ 55 ಇಂಚು, ಕಾಲು ಬಿಟ್ಟು 15 ಕೆಜಿ. ಹಾಕಬೇಕು ಅಂದ್ಕೊಂಡಿರೋದು ಹಾಲ್‌ಗೂ ಬೆಡ್‌ರೂಮಿಗೂ ನಡುವಿನ ಗೋಡೆಗೆ. ಬಾಗಿಲ ಹತ್ರ ಅಳೆದರೆ ಎರಡೂ ಕಡೆ ಗಿಲಾವು ಸೇರಿ ಐದು ಇಂಚು ದಪ್ಪ. ಸೋಫಾ ಏಳೂವರೆ ಅಡಿ ದೂರದಲ್ಲಿದೆ. ಎರಡು ವರ್ಷದ ಮಗು ಟೇಬಲ್ ಹಿಡ್ಕೊಂಡು ಎದ್ದು ಟಿವಿ ಅಂಚು ಎಳೆಯುತ್ತೆ. ಊಟದ ಟೇಬಲ್ ಕಡೆಗೂ ತಿರುಗಲಿ ಅಂತ ಕೈ ಚಾಚೋ ಥರದ ಬ್ರ್ಯಾಕೆಟ್ ನೋಡ್ತಿದ್ದೀನಿ. ಓನರ್ ನಾಲ್ಕು ತೂತಿಗೆ ಒಪ್ಪಿದ್ದಾರೆ, ವೈರ್‌ಗೆ ಗೋಡೆ ಕೊರೆಯೋಕೆ ಒಪ್ಪಿಲ್ಲ. ಈ ಗೋಡೆ ತಡೆಯುತ್ತಾ?

ರಸಮಟ್ಟ:
15 ಕೆಜಿ ದೊಡ್ಡ ತೂಕ ಅಲ್ಲ ಸರ್. ಗೋಡೆ ಯಾವುದರದು ಅನ್ನೋದು ಮೊದಲು ಗೊತ್ತಾಗಬೇಕು. ತಟ್ಟಿ ನೋಡಿ ಹೇಳೋರ ಮಾತು ನಂಬಬೇಡಿ, ಗಿಲಾವಿನ ಮೇಲೆ ಎಲ್ಲ ಗೋಡೆಯೂ ಒಂದೇ ಥರ ಸದ್ದು ಮಾಡುತ್ತೆ. ಬ್ರ್ಯಾಕೆಟ್ ಹಿಂದೆ ಮುಚ್ಚಿಹೋಗೋ ಜಾಗದಲ್ಲಿ 6 ಎಂಎಂ ಡ್ರಿಲ್ ಬಿಟ್‌ನಲ್ಲಿ ಒಂದು ತೂತು ಹಾಕಿ, ಕೆಳಗೆ ಬಿಳಿ ಕಾಗದ ಹಿಡಿದು ಪುಡಿ ನೋಡಿ.

ಮೊದಲ 12ರಿಂದ 15 ಎಂಎಂ ಬೂದು ಪುಡಿ ಬರುತ್ತೆ, ಅದು ಗಿಲಾವು, ಲೆಕ್ಕಕ್ಕಿಲ್ಲ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿಯೇ ಮುಂದುವರಿದು, ಡ್ರಿಲ್ ಬಿಟ್ ಕಷ್ಟಪಟ್ಟು ಹೋದರೆ ಸಾಲಿಡ್ ಬ್ಲಾಕ್ ಅಥವಾ ಕಾಂಕ್ರೀಟು. ಮೈದಾಹಿಟ್ಟಿನ ಥರ ನುಣ್ಣಗೆ ಬಂದು ಬೆಣ್ಣೆಗೆ ಚಾಕು ಹಾಕಿದ ಹಾಗೆ ಹೋದರೆ ಎಎಸಿ ಬ್ಲಾಕ್, ಅಂದ್ರೆ ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕ್. ಮೂರ್ನಾಲ್ಕು ಸೆಂಟಿಮೀಟರ್ ಹೋಗಿ ದಡಕ್ಕನೆ ಒಳಗೆ ಬಿದ್ದರೆ ಹಾಲೋ ಬ್ಲಾಕ್.

ಇಟ್ಟಿಗೆ, ಸಾಲಿಡ್ ಬ್ಲಾಕ್ ಆದರೆ ಧೈರ್ಯವಾಗಿ ಹಾಕಿ. ಹಾಲೋ ಬ್ಲಾಕಿನಲ್ಲಿ ಮಾಮೂಲಿ ಪ್ಲಗ್ಗಿಗೆ (ಸ್ಕ್ರೂ ಕಚ್ಚಿಕೊಳ್ಳಲಿ ಅಂತ ತೂತಿಗೆ ತುರುಕೋದು) ಹಿಡಿಯೋಕೆ ಮೈಯೇ ಇರಲ್ಲ. ತೂತಿಗೆ ಜಾಲರಿ ತೋಳು ಹಾಕಿ ಕೆಮಿಕಲ್ ಆ್ಯಂಕರ್, ಅಂದ್ರೆ ಒಳಗೇ ಗಟ್ಟಿಯಾಗೋ ಅಂಟು, ತುಂಬಬೇಕು. ಎಎಸಿಗೆ ಅದಕ್ಕಂತಲೇ ಬರೋ ಉದ್ದನೆ ನೈಲಾನ್ ಆ್ಯಂಕರ್ ಬೇಕು. ಇಲ್ಲಾಂದ್ರೆ 18 ಎಂಎಂ ಪ್ಲೈವುಡ್ ಹಲಗೆಯನ್ನ ಎಂಟು ಕಡೆ ಬಿಗಿದು, ಅದರ ಮೇಲೆ ಬ್ರ್ಯಾಕೆಟ್ ಕೂರಿಸಬೇಕು. ಕಬ್ಬಿಣದ ಎಕ್ಸ್‌ಪ್ಯಾನ್ಶನ್ ಬೋಲ್ಟು ಕಾಂಕ್ರೀಟಿಗೆ ಸರಿ. ಇಟ್ಟಿಗೆಗೆ, ಎಎಸಿಗೆ ಹಾಕಿ ಬಿಗಿದರೆ ಒಳಗಿಂದಲೇ ಸೀಳುತ್ತೆ.

ತೂಕದಲೆಕ್ಕ:
ಕೈ ಚಾಚೋ ಬ್ರ್ಯಾಕೆಟ್ ಬಗ್ಗೆ ಒಂದು ಲೆಕ್ಕ. ಮೇಲಿನ ಸ್ಕ್ರೂಗೂ ಕೆಳಗಿನದಕ್ಕೂ 20 ಸೆಂಮೀ ಅಂತರ ಇಟ್ಕೊಳ್ಳಿ. ಗೋಡೆಗೆ ಅಂಟಿದ ಹಾಗೆ ಕೂರೋ ಬ್ರ್ಯಾಕೆಟ್ಟಲ್ಲಿ ಟಿವಿಯ ಭಾರ ಗೋಡೆಯಿಂದ ಸುಮಾರು 6 ಸೆಂಮೀ ಆಚೆ ಇರುತ್ತೆ. 15 ಗುಣಿಸು 6, ಭಾಗಿಸು 20: ಮೇಲಿನ ಸ್ಕ್ರೂಗಳನ್ನ ಹೊರಕ್ಕೆ ಕೀಳೋ ಎಳೆತ ಬರೀ ನಾಲ್ಕೂವರೆ ಕೆಜಿ. ಅದೇ ಟಿವಿಯನ್ನ ಕೈ ಚಾಚಿ 40 ಸೆಂಮೀ ಹೊರಗೆ ತಂದರೆ 30 ಕೆಜಿ. ಮಗು ಹೊರಗಿನ ಅಂಚು ಹಿಡಿದು ಜೋತುಬಿದ್ದರೆ ಅದಕ್ಕೂ ಮೇಲೆ. ಜೊತೆಗೆ ದಿನಾ ಎಳೆದು ತಳ್ಳಿ ಪ್ಲಗ್ಗು ಸಡಿಲ ಆಗ್ತಾ ಬರುತ್ತೆ. ಗಿಲಾವು ಬಿಟ್ಟು ನಾಲ್ಕಿಂಚಿನ ಇಟ್ಟಿಗೆ ಗೋಡೆಗೆ, ಅದೂ ಚಿಕ್ಕ ಮಗು ಇರೋ ಮನೇಲಿ, ನಾನಂತೂ ಕೈ ಬ್ರ್ಯಾಕೆಟ್ ಬೇಡ ಅಂತೀನಿ. ಊಟದ ಹೊತ್ತಲ್ಲಿ ಟಿವಿ ಯಾಕೆ ಅನ್ನೋದು ಬೇರೆ ಮಾತು, ಬಿಡಿ.

ಟೇಬಲ್ ಮೇಲೇ ಇಡೋದಾದರೂ ಟಿವಿ ಬೆನ್ನಿನ ತೂತಿಗೆ ನೈಲಾನ್ ಪಟ್ಟಿ ಸಿಕ್ಕಿಸಿ ಗೋಡೆಗೆ ಬಿಗಿಯಲೇಬೇಕು. ಅದಕ್ಕೂ ಎರಡು ತೂತು. ಎರಡರ ಬದಲು ನಾಲ್ಕು, ಅಷ್ಟೇ ವ್ಯತ್ಯಾಸ.

ಕಡಲತಡಿ:
ನಮ್ಮ ಕರಾವಳಿಯವರು ಯಾರಾದರೂ ಓದುತ್ತಿದ್ದರೆ: ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವುದು, ಹಾಕಬೇಡಿ ಮಾರಾಯ್ರೇ. ಕಲ್ಲಿನಲ್ಲಿ ಮೊದಲೇ ಪೊಟ್ಟು ಇರುತ್ತದೆ, 10 ಎಂಎಂ ತೂತು 14 ಆಗಿ ಕೂತುಬಿಡುತ್ತದೆ. ಮತ್ತೆ ಹೊರಗೋಡೆ, ಅದರಲ್ಲೂ ಮಳೆ ಹೊಡೆಯುವ ಪಶ್ಚಿಮದ ಗೋಡೆ ಬೇಡವೇ ಬೇಡ. ಟಿವಿ ಹಿಂದೆ ಗಾಳಿ ಆಡುವುದಿಲ್ಲ, ಜುಲೈ ತಿಂಗಳಲ್ಲಿ ಅಲ್ಲೇ ಬೂಸ್ಟು ಹಿಡಿಯುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಒಳಗೋಡೆಯೇ ಒಳ್ಳೆಯದು.

ಹಾಲ್‌ಮೂಲೆ:
ತೂತು ಹಾಕಿ ನೋಡಿದೆ. 14 ಎಂಎಂ ಬೂದು, ಆಮೇಲೆ ಕೆಂಪು. ಇಟ್ಟಿಗೆ ಅನ್ನೋದು ಖಾತ್ರಿ ಆಯ್ತು. ಫಿಕ್ಸೆಡ್ ಬ್ರ್ಯಾಕೆಟ್ಟೇ ಹಾಕ್ತೀನಿ. ಎಷ್ಟು ಎತ್ತರಕ್ಕೆ, ಯಾವ ಸ್ಕ್ರೂ? ಟಿವಿ ಬರೋ ಜಾಗದಿಂದ ಎಡಕ್ಕೆ ಒಂದಡಿ ದೂರದಲ್ಲಿ ಸ್ವಿಚ್‌ಬೋರ್ಡ್ ಇದೆ.

ರಸಮಟ್ಟ:
ಎತ್ತರ: ಸೋಫಾ ಮೇಲೆ ಕೂತಾಗ ಕಣ್ಣು ನೆಲದಿಂದ 100ರಿಂದ 105 ಸೆಂಮೀ. ಪರದೆಯ ನಡುಮಧ್ಯ ಅಲ್ಲಿಗೆ ಬರಬೇಕು. 55 ಇಂಚಿನ ಟಿವಿ ಸುಮಾರು 71 ಸೆಂಮೀ ಎತ್ತರ, ಹಾಗಾಗಿ ಕೆಳ ಅಂಚು ನೆಲದಿಂದ 70ಕ್ಕೆ. ಫಿಟ್ಟಿಂಗ್‌ಗೆ ಬರೋ ಹುಡುಗರು ನಿಂತ್ಕೊಂಡು ತಮ್ಮ ಕಣ್ಣಿನ ನೇರಕ್ಕೆ ಗುರುತು ಹಾಕ್ತಾರೆ. ಅದೇ ಆಮೇಲೆ ಕತ್ತು ನೋವು. "ಇನ್ನೂ ಕೆಳಗೆ" ಅಂತ ನೀವೇ ಹೇಳಬೇಕು.

ಇಲ್ಲೊಂದು ಮೋಸ ಇದೆ. ಬೆನ್ನಿನ ನಾಲ್ಕು ತೂತು ಟಿವಿಯ ನಡುವಿಗೇ ಇರುತ್ತೆ ಅಂತಿಲ್ಲ, ಎಷ್ಟೋ ಟಿವಿಗಳಲ್ಲಿ ಕೆಳಕ್ಕಿರುತ್ತೆ. ಟಿವಿಯನ್ನ ಹಾಸಿಗೆ ಮೇಲೆ ಕವುಚಿ, ಬೆನ್ನಿಗೆ ಬ್ರ್ಯಾಕೆಟ್ಟಿನ ಪಟ್ಟಿಗಳನ್ನ ಬಿಗಿದು, ಟಿವಿಯ ಕೆಳ ಅಂಚಿಂದ ಪಟ್ಟಿಯ ಕೊಕ್ಕೆವರೆಗೆ ಅಳೆಯಿರಿ. ಅದು 42 ಬಂತು ಅನ್ನಿ: 70 ಕೂಡಿಸು 42, ಗೋಡೆ ಪ್ಲೇಟಿನ ಮೇಲಂಚು 112ಕ್ಕೆ. ತೂತು ನಡುಮಧ್ಯಕ್ಕೇ ಇದೆ ಅಂತ ಅಂದಾಜಿಗೆ ಹೊಡೆದರೆ ಟಿವಿ ಮೇಲೆ ಹೋಗುತ್ತೆ.

ಸ್ಕ್ರೂ: 10 ಎಂಎಂ ನೈಲಾನ್ ಪ್ಲಗ್, ಅಂಗಡೀಲಿ ಫಿಷರ್ ಅಂದ್ರೆ ಕೊಡ್ತಾರೆ, 50 ಎಂಎಂ ಉದ್ದದ್ದು. ಅದಕ್ಕೆ 8 ಎಂಎಂ ದಪ್ಪ, 80 ಉದ್ದದ ಆರು ಮೂಲೆ ತಲೆಯ ಸ್ಕ್ರೂ, ವಾಷರ್ ಸಮೇತ ನಾಲ್ಕು. ಡಬ್ಬಿಯಲ್ಲಿ 50ರ ಸ್ಕ್ರೂ ಬಂದಿದ್ದರೆ ಪಕ್ಕಕ್ಕಿಡಿ, ಅದರ ಕಾಲುಭಾಗಕ್ಕಿಂತ ಹೆಚ್ಚು ಗಿಲಾವಲ್ಲೇ ಕಳೆದುಹೋಗುತ್ತೆ. ಡ್ರಿಲ್ ಬಿಟ್‌ಗೆ 80 ಎಂಎಂ ಹತ್ರ ಟೇಪ್ ಸುತ್ತಿ ಗುರುತು ಮಾಡಿ. ಗಿಲಾವು ದಾಟಿದ ಮೇಲೆ ಹ್ಯಾಮರ್ ಆಫ್ ಮಾಡಿ, ಬರೀ ತಿರುಗಲಿ. ಇಲ್ಲಾಂದ್ರೆ ಬೆಡ್‌ರೂಮ್ ಕಡೆ ಗಿಲಾವು ಹಪ್ಪಳದ ಥರ ಎದ್ದು ಬರುತ್ತೆ. ಗಿಲಾವು ದಾಟಿದ ಮೇಲೂ ಬೂದು ಪುಡಿಯೇ ಬರ್ತಿದ್ದರೆ ಎರಡು ಇಟ್ಟಿಗೆ ನಡುವಿನ ಗಾರೆಗೆ ಸಿಕ್ಕಿದೆ ಅಂತ ಅರ್ಥ. ಪ್ಲೇಟಲ್ಲಿ ತೂತುಗಳು ಬೇಕಾದಷ್ಟಿವೆ, ಬೇರೆಯದಕ್ಕೆ ಹೋಗಿ. ಪುಡಿ ಊದಿ ತೆಗೀರಿ, ಕಣ್ಣು ಮುಚ್ಕೊಂಡು. ಪ್ಲಗ್ಗನ್ನ ಗಿಲಾವು ದಾಟಿಸಿ ಪೂರ್ತಿ ಇಟ್ಟಿಗೆ ಒಳಗೆ ತಳ್ಳಿ. ಮೊದಲು ಒಂದು ಸ್ಕ್ರೂ ಹಾಕಿ, ರಸಮಟ್ಟ ಇಟ್ಟು ಪ್ಲೇಟ್ ನೇರ ಮಾಡಿ, ಆಮೇಲೆ ಉಳಿದ ತೂತುಗಳ ಗುರುತು. 13ರ ಸ್ಪ್ಯಾನರಲ್ಲಿ ವಾಷರ್ ಕಚ್ಚಿಕೊಳ್ಳೋವರೆಗೆ ಬಿಗೀರಿ, ಅಲ್ಲಿಗೆ ಸಾಕು. ಸ್ಕ್ರೂ ಜೊತೆ ಪ್ಲಗ್ಗೂ ತಿರುಗಿದರೆ ಬೆಂಕಿಕಡ್ಡಿ ತುರುಕೋ ಕೆಲಸ ಬೇಡ, ಜಾಗ ಬದಲಿಸಿ.

ಟಿವಿ ಬೆನ್ನಿಗೆ ಹೋಗೋ ಬೋಲ್ಟು ಕೈಯಲ್ಲೇ ಸಲೀಸಾಗಿ ತಿರುಗಬೇಕು. ನಡುವೆ ನಿಂತರೆ ಒತ್ತಾಯ ಮಾಡಬೇಡಿ. ಉದ್ದ ಜಾಸ್ತಿ ಆಗಿ ಒಳಗೆ ತಗುಲ್ತಿದೆ. ಸ್ಪೇಸರ್ ಹಾಕಿ ಇಲ್ಲ ಚಿಕ್ಕ ಬೋಲ್ಟ್ ತನ್ನಿ. ಎತ್ತೋಕೆ ಇಬ್ಬರು ಇರಲಿ, ಪರದೆ ಮೇಲೆ ಹೆಬ್ಬೆರಳು ಒತ್ತಬಾರದು.

ಫ್ಯೂಸ್‌ಕ್ಯಾರಿಯರ್:
ವೈರಿಂಗ್ ಮಾಡೋನ ಮಾತು: ಸ್ವಿಚ್‌ಬೋರ್ಡಿನ ನೇರ ಮೇಲಕ್ಕೆ, ಕೆಳಕ್ಕೆ, ಎಡಬಲಕ್ಕೆ ಪೈಪ್ ಓಡಿರುತ್ತೆ, ಆ ಗೆರೆಗಳಲ್ಲಿ ಡ್ರಿಲ್ ಇಡಬೇಡಿ. ಬೆಡ್‌ರೂಮ್ ಕಡೆ ಬೋರ್ಡನ್ನೂ ನೋಡ್ಕೊಳ್ಳಿ, ನಾಲ್ಕಿಂಚಿನ ಗೋಡೆಗೆ ಎರಡೂ ಕಡೆಯದು ಒಂದೇ. ಡ್ರಿಲ್ ಮಾಡುವಾಗ ಬೇರೆ ರೂಮಿನ ಸರ್ಕ್ಯೂಟಿಂದ ಕರೆಂಟ್ ತಗೊಂಡು, ಈ ಗೋಡೆಯ ಎಂಸಿಬಿ ಇಳಿಸಿ.

ಗೋಡೆ ಕೊರೆಯೋ ಹಾಗಿಲ್ಲದಿದ್ದರೆ ಅಂಟು ಇರೋ ಪಿವಿಸಿ ಕೇಸಿಂಗ್ ಪಟ್ಟಿ, ಗೋಡೆ ಬಣ್ಣದ್ದೇ ಹೊಡೆಸ್ಕೊಳ್ಳಿ. ಟಿವಿಗೆ 6 ಆಂಪ್ ಸಾಕೆಟ್ ಧಾರಾಳ. ಎಚ್‌ಡಿಎಂಐ ಕೇಬಲ್ ಟಿವಿ ನೇತುಹಾಕೋ ಮುಂಚೆಯೇ ಸಿಕ್ಕಿಸಿ, ಫಿಕ್ಸೆಡ್ ಬ್ರ್ಯಾಕೆಟ್ಟಿನ ಸಂದಿ ಮೂರು ಸೆಂಮೀ, ಆಮೇಲೆ ಕೈ ಹೋಗಲ್ಲ. ಸ್ವಂತ ಮನೆ ಕಟ್ಟಿಸ್ತಿರೋರು ಎರಡಿಂಚಿನ ಪೈಪ್ ಬಿಡಿಸಿ. ಒಂದಿಂಚಿನ ಪೈಪಿನ ಎಲ್ಬೋದಲ್ಲಿ ಎಚ್‌ಡಿಎಂಐ ತಲೆ ಸಿಕ್ಕಿಕೊಂಡರೆ ಎಳೆದರೂ ಬರಲ್ಲ, ತಳ್ಳಿದರೂ ಹೋಗಲ್ಲ.

ಹಾಲ್‌ಮೂಲೆ:
ಎಲ್ಲರಿಗೂ ಥ್ಯಾಂಕ್ಸ್. ಮನೆ ಬಿಡುವಾಗ ತೂತು ಮುಚ್ಚೋದು?

ರಸಮಟ್ಟ:
ಸ್ಕ್ರೂ ಅರ್ಧ ಹಾಕಿ ಇಕ್ಕಳದಲ್ಲಿ ಎಳೆದರೆ ಪ್ಲಗ್ಗೂ ಬರುತ್ತೆ. ತೂತಿಗೆ ನೀರು ಚಿಮುಕಿಸಿ ವೈಟ್ ಸಿಮೆಂಟ್ ತುಂಬಿ, ಮೇಲೆ ಎರಡು ಎಂಎಂ ತಗ್ಗು ಬಿಡಿ. ಮಾರನೇ ದಿನ ಪುಟ್ಟಿ ಹಚ್ಚಿ 180ರ ಸ್ಯಾಂಡ್‌ಪೇಪರಲ್ಲಿ ಉಜ್ಜಿ. ಒಂದೇ ಸಲಕ್ಕೆ ಮಟ್ಟಸ ತುಂಬಿದರೆ ಒಣಗಿದ ಮೇಲೆ ಗುಳಿ ಬೀಳುತ್ತೆ, ಓನರ್ ಕಣ್ಣು ನೇರ ಅಲ್ಲಿಗೇ ಹೋಗುತ್ತೆ.